ಎಂಆರ್‌ಎನ್‌ಎ ಪಾಠದಲ್ಲಿ 3′ ಯುಟಿಆರ್ ಬಿಟ್ಟರೆ ನಡೆಯುತ್ತದಾ?

3′ ಯುಟಿಆರ್ ಅಂದರೆ ಎಂಆರ್‌ಎನ್‌ಎಯ (ಜೀನಿನಿಂದ ಪ್ರೋಟೀನಿನ ಸಂದೇಶ ಒಯ್ಯುವ ಎಳೆಯ) ಕೊನೆಯಲ್ಲಿರುವ, ಪ್ರೋಟೀನೇ ಆಗದ ಭಾಗ; ಅದನ್ನು ಪರೀಕ್ಷೆಗೆ ಯಾಕೆ ಓದಬೇಕು ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ಎಂ.ಎಸ್ಸಿ. ಮಾಡುವಾಗ ನಾನೂ ಹೀಗೇ ಅಂದುಕೊಂಡು ಬಿಟ್ಟಿದ್ದೆ. ಸೇಡಂ ರಸ್ತೆಯ ಬಾಡಿಗೆ ರೂಮಿನಲ್ಲಿ ಕೂತು ಕೋಡಿಂಗ್ ಭಾಗ (ಪ್ರೋಟೀನ್ ಆಗುವ ಭಾಗ), ರೈಬೋಸೋಮ್, ಸಿಗ್ನಲ್ ಪೆಪ್ಟೈಡ್ ಇಷ್ಟನ್ನೇ ಅರೆದು ಕುಡಿದೆ. ಆಮೇಲೆ ಹೈದರಾಬಾದಿನ ಒಂದು ಲ್ಯಾಬಿಗೆ ಸಂದರ್ಶನಕ್ಕೆ ಹೋದರೆ ಕೇಳಿದ್ದು ಇದು: ಹಣ್ಣಿನ ನೊಣದ ನಾನೋಸ್ (ಹೊಟ್ಟೆ ಮೂಡಿಸುವ ಜೀನ್) ಎಂಆರ್‌ಎನ್‌ಎಗೆ ಬೈಕಾಯ್ಡ್‌ನ (ತಲೆ, ಎದೆ ಮೂಡಿಸುವ ಜೀನ್) 3′ ಯುಟಿಆರ್ ಜೋಡಿಸಿದರೆ ಭ್ರೂಣ ಏನಾಗುತ್ತದೆ?

"ಏನೂ ಫರಕ್ ಬೀಳಂಗಿಲ್ರಿ, ಪ್ರೋಟೀನ್ ಅದೇ ಬರ್ತದಲ್ರಿ" ಅಂದೆ.

ಪ್ರೋಟೀನ್ ಅದೇ ಬರುತ್ತದೆ, ಖರೆ. ಆದರೆ ಎಲ್ಲಿ ತಯಾರಾಗುತ್ತದೆ ಅನ್ನುವುದನ್ನು ನಾನು ಯೋಚಿಸಲೇ ಇಲ್ಲ. ಬೈಕಾಯ್ಡ್ ಎಂಆರ್‌ಎನ್‌ಎ ಮೊಟ್ಟೆಯ ಮುಂದಿನ ತುದಿಯಲ್ಲಿರುತ್ತದೆ, ನಾನೋಸ್ ಹಿಂದಿನ ತುದಿಯಲ್ಲಿ. ಎಲ್ಲಿಗೆ ಹೋಗಬೇಕು ಅನ್ನುವುದು ಇವೆರಡರಲ್ಲೂ ಇರುವುದು 3′ ಯುಟಿಆರ್‌ನಲ್ಲೇ. ಬೈಕಾಯ್ಡ್‌ನ ಆ ಭಾಗ ತನ್ನ ಮೇಲೆ ತಾನೇ ಮಡಚಿಕೊಂಡು ಕುಣಿಕೆಗಳಾಗುತ್ತದೆ. ಸ್ಟೌಫೆನ್‌ನಂಥ ಪ್ರೋಟೀನುಗಳು ಅದನ್ನು ಹಿಡಿಯುತ್ತವೆ, ಡೈನೀನ್ ಅನ್ನುವ ಮೋಟಾರ್ ಪ್ರೋಟೀನ್ ಕೋಶದೊಳಗಿನ ಹಳಿಯಂಥ ಮೈಕ್ರೋಟ್ಯೂಬ್ಯೂಲ್ ಮೇಲೆ ಎಳೆದೊಯ್ಯುತ್ತದೆ. ಹಾಗಾಗಿ ಆ ತುಂಡು ಹೊತ್ತ ನಾನೋಸ್ ಕೂಡ ಮುಂದಿನ ತುದಿಗೇ ಹೋಗಿ, ಅಲ್ಲಿ ಬೈಕಾಯ್ಡ್, ಹಂಚ್‌ಬ್ಯಾಕ್ (ಇದೂ ಮುಂಭಾಗ ಮೂಡಿಸುವ ಜೀನೇ) ಎರಡರ ಟ್ರಾನ್ಸ್‌ಲೇಷನ್ನನ್ನೂ, ಅಂದರೆ ಎಂಆರ್‌ಎನ್‌ಎಯಿಂದ ಪ್ರೋಟೀನ್ ತಯಾರಾಗುವುದನ್ನು, ತಡೆಯುತ್ತದೆ. ತಲೆ, ಎದೆ ಮೂಡಬೇಕಾದ ಕಡೆ ಇನ್ನೊಂದು ಹೊಟ್ಟೆ ಮೂಡುತ್ತದೆ! ವಿಜ್ಞಾನಿಗಳಾದ ಎಲಿಜಬೆತ್ ಗೇವಿಸ್ ಮತ್ತು ರೂತ್ ಲೆಹ್ಮನ್ ಇದನ್ನು 1992ರಲ್ಲೇ ಮಾಡಿ ತೋರಿಸಿದ್ದರು. ನನಗೆ ಆ ಕೆಲಸ ಸಿಗಲಿಲ್ಲ. ವಾಪಸ್ ಬಂದು ಟ್ಯೂಷನ್ ಹೇಳುತ್ತ ಒಂದು ವರ್ಷ ಕಳೆದೆ.

ಹಾಗಂತ ಈಗ 3′ ಯುಟಿಆರ್ ಒಂದನ್ನೇ ಹಿಡಿದು ಕೂರಬೇಡಿ. ಯೀಸ್ಟ್‌ನ ಆಶ್1 ಎಂಆರ್‌ಎನ್‌ಎ ನೋಡಿ: ಅದನ್ನು ಮೊಗ್ಗಿಗೆ (ತಾಯಿಕೋಶದಿಂದ ಚಿಗುರುವ ಮರಿಕೋಶಕ್ಕೆ) ಕಳಿಸುವ ನಾಲ್ಕು ತುಣುಕುಗಳಲ್ಲಿ ಮೂರು ಕೋಡಿಂಗ್ ಭಾಗದೊಳಗೇ ಇವೆ. ಅಲ್ಲಿ ಎಳೆಯುವುದು ಮಯೋಸಿನ್ ಅನ್ನುವ ಇನ್ನೊಂದು ಮೋಟಾರ್, ಆಕ್ಟಿನ್ ಎಳೆಗಳ ಮೇಲೆ. ಎಲ್ಲ ಎಂಆರ್‌ಎನ್‌ಎ ಗುರಿ ಮುಟ್ಟಲೇಬೇಕು ಅಂತಲೂ ಇಲ್ಲ. ನಾನೋಸ್‌ನಲ್ಲಿ ಹಿಂದಿನ ತುದಿ ಸೇರುವುದು ಶೇ. 4ರಷ್ಟು ಮಾತ್ರ. ಉಳಿದದ್ದು ಪ್ರೋಟೀನ್ ಆಗದಂತೆ ಸ್ಮಾಗ್ ಅನ್ನುವ ಪ್ರೋಟೀನ್ ತಡೆಹಿಡಿಯುತ್ತದೆ.

ಯಾವುದು ಬಿಡಲಿ ಅನ್ನುವ ಲೆಕ್ಕಾಚಾರವೇ ಬೇಡ ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ಬೀಟಾ-ಆಕ್ಟಿನ್ ತಗೊಳ್ಳಿ, ಅದರ 3′ ಯುಟಿಆರ್‌ನ 54 ನ್ಯೂಕ್ಲಿಯೋಟೈಡ್‌ಗಳ ಜಿಪ್‌ಕೋಡ್ (ಎಲ್ಲಿಗೆ ಹೋಗಬೇಕು ಅನ್ನುವ ವಿಳಾಸ) ಬರೆಯಿರಿ, ಅದಕ್ಕೆ ಆ ವಿಳಾಸ ಹಿಡಿಯುವ ಜಡ್‌ಬಿಪಿ1 ಪ್ರೋಟೀನ್ ಅಂಟಿಸಿ, ಚಲಿಸುವ ಕೋಶದ ಮುಂದಿನ ಅಂಚಿನವರೆಗೆ ಬಾಣ ಎಳೆಯಿರಿ. ಆಮೇಲೆ ಆ 54 ಅಳಿಸಿ, ಏನಾಗುತ್ತದೆ ಅಂತ ಪುಸ್ತಕ ಮುಚ್ಚಿ ಬರೆಯಿರಿ.