‘ಇಲ್ಲ’ ಎನ್ನುವುದನ್ನು ಕರ್ನಲ್ ಹೇಗೆ ಹೇಳುತ್ತದೆ: ಮುಳಬಾಗಿಲಿನ ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ, ನಮಸ್ಕಾರ.

‘ಕರ್ನಲ್‌ನಲ್ಲಿ ಗ್ರಾಫಿಕ್ಸ್ ಸ್ಮೃತಿಯ ಹಂಚಿಕೆ’ ಎಂಬ ನಿಮ್ಮ ಹನ್ನೊಂದು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೂ ಇಷ್ಟುದ್ದ ಬರೆಯುತ್ತಿರುವುದಕ್ಕೆ ಕಾರಣವಿದೆ. ಕೋಲಾರದ ನಮ್ಮ ಈ ಪುಟ್ಟ ಮಾಸಿಕಕ್ಕೆ ಯಾವ ಮೊಬೈಲ್ ಕೊಳ್ಳಬೇಕು ಎಂಬ ಬಗೆಯ ಲೇಖನಗಳು ಬೇಕಾದಷ್ಟು ಬರುತ್ತವೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಒಳಗೆ ಇಳಿದು, ಕೋಡ್ ಓದಿ, ಅದನ್ನು ಕನ್ನಡದಲ್ಲಿ ಹೇಳಲು ಹೊರಡುವವರು ಬಹಳ ಅಪರೂಪ. ನೀವು ಕೋಡ್ ಓದಿದ್ದೀರಿ ಎಂಬುದು ಪ್ರತಿ ಪುಟದಲ್ಲೂ ಕಾಣುತ್ತದೆ.

ಮೊದಲ ಐದು ಪುಟ ಇತಿಹಾಸಕ್ಕೇ ಹೋಗಿದೆ. ಅದನ್ನು ಒಂದು ಪುಟಕ್ಕೆ ಇಳಿಸಿ, ಒಂದು ತಪ್ಪನ್ನೂ ತಿದ್ದಿ. ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಮೆಮೊರಿ ನೋಡಿಕೊಳ್ಳುವ ಎರಡು ವ್ಯವಸ್ಥೆಗಳಲ್ಲಿ ಜೆಮ್ ಬಂದು ಟಿಟಿಎಂ ಸೋತಿತು ಎಂದು ಬರೆದಿದ್ದೀರಿ. ಟಿಟಿಎಂ ಮೊದಲು ರೂಪುಗೊಂಡಿತು. ಅದು ತೊಡಕಿನದು ಎಂಬ ಕಾರಣಕ್ಕೆ ಇಂಟೆಲ್‌ನವರು ಸರಳವಾದ ಜೆಮ್ ಅನ್ನು ಮುಂದಿಟ್ಟರು. 2008ರ ಡಿಸೆಂಬರ್‌ನಲ್ಲಿ ಹೊರಬಂದ ಲಿನಕ್ಸ್ 2.6.28ರಲ್ಲಿ ಜೆಮ್ ಸೇರಿತು. ಆದರೆ 2009ರ 2.6.31ರಲ್ಲಿ ಟಿಟಿಎಂ ಕೂಡ ಸೇರಿತು. ತನ್ನದೇ ವಿಡಿಯೊ ಮೆಮೊರಿ ಇರುವ ಕಾರ್ಡ್‌ಗಳ ಎಷ್ಟೋ ಡ್ರೈವರ್‌ಗಳು (ಯಂತ್ರಾಂಶವನ್ನು ನಡೆಸುವ ಕೋಡ್) ಇಂದಿಗೂ ಒಳಗೆ ಟಿಟಿಎಂ ಇಟ್ಟುಕೊಂಡು, ಹೊರಗಿನ ಪ್ರೋಗ್ರಾಮ್‌ಗಳಿಗೆ ಜೆಮ್ ಬಗೆಯ ಹ್ಯಾಂಡಲ್‌ಗಳನ್ನೇ, ಅಂದರೆ ಕೊಟ್ಟ ಮೆಮೊರಿಯನ್ನು ಗುರುತಿಸುವ ಸಂಖ್ಯೆಗಳನ್ನೇ, ಕೊಡುತ್ತವೆ. ಇದು ಸಣ್ಣ ತಿದ್ದುಪಡಿಯಲ್ಲ. ಒಳಗಿನ ವ್ಯವಸ್ಥೆಯನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಹೊರಗಿನವರಿಗೆ ಒಮ್ಮೆ ಕೊಟ್ಟ ಮಾತನ್ನು ಬದಲಿಸುವಂತಿಲ್ಲ ಎಂಬ ನಿಮ್ಮದೇ ಮುಖ್ಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಈಗ ನನ್ನ ಮುಖ್ಯ ಆಕ್ಷೇಪ. ನಿಮ್ಮ ಲೇಖನದಲ್ಲಿ ಪ್ರೋಗ್ರಾಮ್ ಮೆಮೊರಿ ಕೇಳುತ್ತದೆ, ಕರ್ನಲ್ ಕೊಡುತ್ತದೆ, ಚಿತ್ರ ಮೂಡುತ್ತದೆ. ಹನ್ನೊಂದು ಪುಟಗಳಲ್ಲಿ ಒಮ್ಮೆಯೂ ಕರ್ನಲ್ ‘ಇಲ್ಲ’ ಎನ್ನುವುದಿಲ್ಲ. ಆದರೆ ‘ನಂಬಲರ್ಹ’ ಎಂಬ ಪದವನ್ನು ನೀವು ಹಲವು ಕಡೆ ಬಳಸಿದ್ದೀರಿ. ಕೇಳಿದ್ದನ್ನೆಲ್ಲ ಕೊಡುವ ಇಂಟರ್‌ಫೇಸ್‌ನಲ್ಲಿ, ಅಂದರೆ ಪ್ರೋಗ್ರಾಮ್ ಮತ್ತು ಕರ್ನಲ್ ನಡುವಿನ ವ್ಯವಹಾರದ ಕ್ರಮದಲ್ಲಿ, ನಂಬಿಕೆಯ ಪ್ರಶ್ನೆಯೇ ಏಳುವುದಿಲ್ಲ. ಕೊಡಲಾಗದ್ದನ್ನು ಯಾವ ಹಂತದಲ್ಲಿ, ಯಾವ ಸಂಕೇತದಿಂದ, ಅರ್ಧಕ್ಕೆ ನಿಂತ ಕೆಲಸವನ್ನು ಎಷ್ಟು ಶುದ್ಧವಾಗಿ ಹಿಂದೆಗೆದುಕೊಂಡು ಹೇಳುತ್ತದೆ ಎಂಬುದರಲ್ಲಿ ಅದರ ಪರೀಕ್ಷೆಯಾಗುತ್ತದೆ. ಲೇಖನ ಇಲ್ಲಿಂದ ಶುರುವಾಗಬೇಕು.

ಆರನೆಯ ಪುಟದ ಡಂಬ್ ಬಫರ್ (ಪರದೆಯ ಚಿತ್ರ ಇಡುವ ಸಾದಾ ಮೆಮೊರಿ ತುಂಡು) ಉದಾಹರಣೆಯನ್ನೇ ನೋಡಿ. ಪ್ರೋಗ್ರಾಮ್ ಅಗಲ, ಎತ್ತರ ಮತ್ತು ಪಿಕ್ಸೆಲ್‌ಗೆ ಎಷ್ಟು ಬಿಟ್ ಎಂಬುದನ್ನು ಕೊಡುತ್ತದೆ. ಕರ್ನಲ್ ಹ್ಯಾಂಡಲ್, ಪಿಚ್ (ಒಂದು ಸಾಲಿನ ಆರಂಭದಿಂದ ಮುಂದಿನ ಸಾಲಿನ ಆರಂಭಕ್ಕೆ ಎಷ್ಟು ಬೈಟ್ ಎಂಬುದು) ಮತ್ತು ಒಟ್ಟು ಗಾತ್ರವನ್ನು ಹಿಂದಿರುಗಿಸುತ್ತದೆ. 1920 × 1080 ಪರದೆಗೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 82,94,400 ಬೈಟ್, ಅಂದರೆ 4,096 ಬೈಟ್‌ಗಳ 2,025 ಮೆಮೊರಿ ಪುಟಗಳು ಎಂದು ಲೆಕ್ಕ ಮಾಡಿದ್ದೀರಿ. ಲೆಕ್ಕ ಸರಿಯಾಗಿದೆ. ಆದರೆ ದುರುದ್ದೇಶದ ಪ್ರೋಗ್ರಾಮೊಂದು 65,536 ಅಗಲ, 16,385 ಎತ್ತರ ಕೇಳಿದರೆ? ಪಿಕ್ಸೆಲ್‌ಗೆ 4 ಬೈಟ್‌ನಂತೆ ಗುಣಲಬ್ಧ 4,29,52,29,440. ಇದು 32 ಬಿಟ್‌ಗಳಲ್ಲಿ ಹಿಡಿಸುವುದಿಲ್ಲ. ಮೇಲಿನ ಭಾಗ ಉದುರಿಹೋಗಿ 2,62,144 ಉಳಿಯುತ್ತದೆ. ಅದು ಸರಿಯಾಗಿ ಒಂದೇ ಸಾಲಿನ ಜಾಗ. ಪ್ರೋಗ್ರಾಮ್‌ನ ಕೈಯಲ್ಲಿ 16,385 ಸಾಲುಗಳ ಪತ್ರವಿರುತ್ತದೆ, ಕರ್ನಲ್ ಒಂದು ಸಾಲಿನ ಜಾಗ ಕೊಟ್ಟಿರುತ್ತದೆ, ಮುಂದೆ ಆ ಪತ್ರವನ್ನು ನಂಬಿ ಬರೆಯುವವರು ಇನ್ನಾರದೋ ಮೆಮೊರಿಯ ಮೇಲೆ ಬರೆಯುತ್ತಾರೆ. ಆದ್ದರಿಂದಲೇ ಲಿನಕ್ಸ್ ಕರ್ನಲ್ ಈ ಸಂಖ್ಯೆಗಳನ್ನು ಗುಣಿಸುವ ಮೊದಲು ಭಾಗಿಸಿ, ಮಿತಿ ಮೀರುವುದೇ ಎಂದು ನೋಡಿ, ಮೀರಿದರೆ ಅಲ್ಲಿಯೇ ತಿರಸ್ಕರಿಸುತ್ತದೆ. ಈ ನಾಲ್ಕೈದು ಸಾಲಿನ ಕೋಡ್ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಏಕೆ ಬಿಟ್ಟಿರಿ?

ಪಿಚ್ ಬಗ್ಗೆ ‘ಅಗಲವನ್ನು ನಾಲ್ಕರಿಂದ ಗುಣಿಸಿದರೆ ಸಿಗುವ ಸಂಖ್ಯೆ’ ಎಂದು ಬರೆದಿದ್ದೀರಿ. ದಯವಿಟ್ಟು ಇದನ್ನು ತೆಗೆಯಿರಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿಕೊಂಡು ಕೆಲವು ವರ್ಷ ಡಿಸ್‌ಪ್ಲೇ ಡ್ರೈವರ್‌ಗಳ ಕೆಲಸ ಮಾಡಿದವನು ನಾನು. ಇದೇ ಊಹೆಯಿಂದ ನಮ್ಮ ತಂಡದ ಎರಡು ರಾತ್ರಿ ಹಾಳಾಗಿವೆ. ಕಚೇರಿಯ 1920 ಅಗಲದ ಪರದೆಗಳಲ್ಲಿ ಚಿತ್ರ ಸರಿಯಿತ್ತು. ಗ್ರಾಹಕರಲ್ಲಿದ್ದ 1366 × 768 ಪರದೆಯಲ್ಲಿ ಅದು ಗಾಳಿಗೆ ವಾಲಿದ ಬೇಲಿಯಂತೆ ಓರೆಯಾಗಿ ನಿಂತಿತು. ಆ ಯಂತ್ರಾಂಶಕ್ಕೆ ಪ್ರತಿ ಸಾಲೂ 64 ಬೈಟ್‌ಗಳ ಗಡಿಯಿಂದ ಆರಂಭವಾಗಬೇಕಿತ್ತು. 1920 ಪಿಕ್ಸೆಲ್‌ಗೆ 7,680 ಬೈಟ್. ಅದು 64ರಿಂದ ಶೇಷವಿಲ್ಲದೆ ಭಾಗವಾಗುತ್ತದೆ, ಹಾಗಾಗಿ ತಪ್ಪು ಕಾಣಲಿಲ್ಲ. 1366 ಪಿಕ್ಸೆಲ್‌ಗೆ 5,464 ಬೈಟ್; ಭಾಗವಾಗದ ಕಾರಣ ಕರ್ನಲ್ 5,504 ಎಂಬ ಪಿಚ್ ಕೊಟ್ಟಿತ್ತು. ಪ್ರೋಗ್ರಾಮ್ ಅದನ್ನು ಓದದೆ ತಾನೇ ಗುಣಿಸಿಕೊಂಡಿದ್ದರಿಂದ ಸಾಲಿಗೆ 40 ಬೈಟ್, ಅಂದರೆ ಹತ್ತು ಪಿಕ್ಸೆಲ್, ಎಡಕ್ಕೆ ಸರಿಯುತ್ತ ಹೋಯಿತು. ಪಿಚ್ ಎಂಬುದು ಕರ್ನಲ್ ಕೊಡುವ ಉತ್ತರ, ನಾವು ಊಹಿಸುವ ಸಂಖ್ಯೆಯಲ್ಲ. ಒಳ್ಳೆಯ ಇಂಟರ್‌ಫೇಸ್ ಆ ಉತ್ತರವನ್ನು ಪ್ರತ್ಯೇಕ ಜಾಗದಲ್ಲಿ ಕೊಡುವುದೇ ಇದಕ್ಕಾಗಿ.

ನಿಮ್ಮ ಟೊಮೆಟೊ ಮಂಡಿಯ ಹೋಲಿಕೆ ನನಗೆ ಬಹಳ ಹಿಡಿಸಿತು, ಆದರೆ ಅದನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೀರಿ. ಮೆಮೊರಿ ಎಂದರೆ ಕ್ರೇಟು ಎಂದು ಹೇಳಿ ಬಿಟ್ಟರೆ ಓದುಗನಿಗೆ ಹೊಸದೇನೂ ತಿಳಿಯುವುದಿಲ್ಲ. ಅದೇ ಪ್ಯಾರಾದಲ್ಲಿ ನೀವೇ ಬರೆದಿರುವ ಒಂದು ವಾಕ್ಯದಲ್ಲಿ, ಕ್ರೇಟುಗಳನ್ನು ಇಳಿಸಿ, ಎಣಿಸಿ, ಜೋಡಿಸಿದ ಮೇಲೆಯೇ ಮಂಡಿಯವರು ಚೀಟಿ ಬರೆಯುತ್ತಾರೆ ಎಂಬ ಮಾತಿದೆ. ಹ್ಯಾಂಡಲ್ ಎಂಬುದು ಆ ಚೀಟಿ. ಹ್ಯಾಂಡಲ್‌ಗಳು 1, 2, 3 ಎಂದು ಸಾಗುವ ಸಣ್ಣ ಸಂಖ್ಯೆಗಳು. ಅದೇ ಪ್ರೋಗ್ರಾಮ್‌ನ ಇನ್ನೊಂದು ಥ್ರೆಡ್ (ಜೊತೆಯಲ್ಲೇ ಓಡುವ ಇನ್ನೊಂದು ಎಳೆ) ಮುಂದಿನ ಸಂಖ್ಯೆಯನ್ನು ಸುಲಭವಾಗಿ ಊಹಿಸಬಲ್ಲದು. ಡ್ರೈವರ್ ಬಫರ್‌ನ ಕೆಲಸ ಮುಗಿಸುವ ಮೊದಲೇ ಹ್ಯಾಂಡಲ್ ಅನ್ನು ಪಟ್ಟಿಗೆ ಸೇರಿಸಿ, ಬಫರ್ ಮೇಲಿನ ತನ್ನ ಹಿಡಿತವನ್ನೂ ಸಡಿಲಿಸಿಬಿಟ್ಟರೆ, ಆ ಥ್ರೆಡ್ ಅಷ್ಟರಲ್ಲಿ ಹ್ಯಾಂಡಲ್ ಮುಚ್ಚಿ ಬಫರ್ ಅನ್ನೇ ಬಿಡುಗಡೆ ಮಾಡಿಸುತ್ತದೆ, ಡ್ರೈವರ್ ಆಗಲೇ ಇಲ್ಲವಾಗಿರುವ ವಸ್ತುವನ್ನು ಮುಟ್ಟುತ್ತದೆ. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ ಹ್ಯಾಂಡಲ್ ಕೊಡುವುದೇ ಇದಕ್ಕೆ ಪರಿಹಾರ. ಹೋಲಿಕೆಯನ್ನು ಈ ಜಾಗಕ್ಕೆ ತನ್ನಿ. ಎಪಿಎಂಸಿ ಕಂಡಿರುವ ನಮ್ಮ ಓದುಗರಿಗೆ ಒಂದೇ ಓದಿಗೆ ಅರ್ಥವಾಗುತ್ತದೆ.

ಮೆಮೊರಿ ಮುಗಿದಾಗ ಏನಾಗುತ್ತದೆ ಎಂಬುದಕ್ಕೆ ಪ್ರತ್ಯೇಕ ಭಾಗವೇ ಬೇಕು, ಏಕೆಂದರೆ ‘ಇಲ್ಲ’ ಎಂಬ ಉತ್ತರ ಮೂರು ಬೇರೆ ಬೇರೆ ಹೊತ್ತಿನಲ್ಲಿ ಬರಬಹುದು. ಬಫರ್ ಕೇಳಿದ ಕೂಡಲೇ ದೋಷಸಂಕೇತ ಬರುವುದು ಒಂದು. ಅನೇಕ ಡ್ರೈವರ್‌ಗಳು ಕೇಳಿದಾಗ ಹ್ಯಾಂಡಲ್ ಮಾತ್ರ ಕೊಟ್ಟು, ನಿಜವಾದ ಮೆಮೊರಿ ಪುಟಗಳನ್ನು ಮೊದಲ ಸಲ ಮುಟ್ಟಿದಾಗ ತರುತ್ತವೆ. ಆಗ ಪುಟ ಸಿಗದಿದ್ದರೆ ದೋಷಸಂಕೇತ ಕೊಡಲು ಯಾವ ಕರೆಯೂ ಬಾಕಿ ಇರುವುದಿಲ್ಲ, ಪ್ರೋಗ್ರಾಮ್‌ಗೆ ಸಿಗ್‌ಬಸ್ ಎಂಬ, ಸಾಮಾನ್ಯವಾಗಿ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುವ ಸಂಕೇತ ಬಡಿಯುತ್ತದೆ. ಮೂರನೆಯದು ಗ್ರಾಫಿಕ್ಸ್ ಪ್ರೊಸೆಸರ್ ಆದ ಜಿಪಿಯುಗೆ ಕೆಲಸ ಒಪ್ಪಿಸುವಾಗ: ಪ್ರತಿಯೊಂದು ಬಫರ್ ಬಿಡಿಯಾಗಿ ಹಿಡಿಸಿದರೂ, ಆ ಕೆಲಸಕ್ಕೆ ಬೇಕಾದ ಎಲ್ಲವೂ ಒಟ್ಟಿಗೆ ವಿಡಿಯೊ ಮೆಮೊರಿಯಲ್ಲಿ ಹಿಡಿಸದೆ ಇರಬಹುದು. ಇಂಟರ್‌ಫೇಸ್ ರೂಪಿಸುವವನು ಈ ಮೂರರಲ್ಲಿ ಯಾವುದನ್ನು ಒಪ್ಪಿಕೊಂಡಿದ್ದಾನೆ ಎಂದು ಬರೆದಿಡದಿದ್ದರೆ, ಬಳಸುವವನು ಮೊದಲನೆಯದನ್ನು ಮಾತ್ರ ಪರೀಕ್ಷಿಸಿ ನೆಮ್ಮದಿಯಿಂದ ಇರುತ್ತಾನೆ. ಜೊತೆಗೆ, ಕರ್ನಲ್‌ನೊಳಗಿನ ಸಣ್ಣ ಮನವಿಗಳು ನಿತ್ಯದ ಬಳಕೆಯಲ್ಲಿ ವಿಫಲವಾಗುವುದೇ ಇಲ್ಲ ಎನ್ನಬಹುದಾದ್ದರಿಂದ, ದೋಷದ ದಾರಿಯ ಕೋಡ್ ವರ್ಷಗಟ್ಟಲೆ ಒಮ್ಮೆಯೂ ಓಡಿರುವುದಿಲ್ಲ. ಬೇಕೆಂದೇ ವೈಫಲ್ಯ ಉಂಟುಮಾಡುವ ವ್ಯವಸ್ಥೆ ಲಿನಕ್ಸ್‌ನಲ್ಲಿಯೇ ಇದೆ. ನೀವೇ ಅದನ್ನು ಓಡಿಸಿ, ಕಂಡದ್ದನ್ನು ಬರೆಯಿರಿ.

ಮುಂದಿನ ಬಳಕೆಗೆಂದು ಖಾಲಿ ಬಿಟ್ಟ ಫ್ಲ್ಯಾಗ್‌ಗಳು (ಆಯ್ಕೆ ಸೂಚಿಸುವ ಬಿಟ್‌ಗಳು) ಸೊನ್ನೆಯೇ ಎಂದು ಇಂದೇ ಪರೀಕ್ಷಿಸದಿದ್ದರೆ ನಾಳೆ ಅವುಗಳಿಗೆ ಅರ್ಥ ಕೊಡಲಾಗುವುದಿಲ್ಲ ಎಂಬ ನಿಮ್ಮ ಎಂಟನೆಯ ಪುಟ ಚೆನ್ನಾಗಿದೆ. ಅದರಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ.

ಇನ್ನು ಭಾಷೆ. ‘ಹಂಚಿಕೆ’ ಎಂಬ ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸಿದ್ದೀರಿ: ಕರ್ನಲ್ ಮೆಮೊರಿ ಕೊಡುವುದಕ್ಕೂ ಅದೇ, ಎರಡು ಪ್ರೋಗ್ರಾಮ್‌ಗಳು ಒಂದೇ ಬಫರ್ ಬಳಸುವುದಕ್ಕೂ ಅದೇ. 2012ರಲ್ಲಿ ಲಿನಕ್ಸ್ 3.3ರೊಂದಿಗೆ ಬಂದ ಡಿಎಂಎ-ಬಫ್ (ಒಂದೇ ಬಫರ್ ಅನ್ನು ಹಲವು ಡ್ರೈವರ್‌ಗಳು ಬಳಸಲು ಬಿಡುವ ವ್ಯವಸ್ಥೆ) ಕುರಿತ ಪ್ಯಾರಾ ಇದರಿಂದಾಗಿ ಪೂರ್ತಿ ಕಲಸಿಹೋಗಿದೆ. ಊಹಿಸಬಹುದಾದ ಜಾಗತಿಕ ಸಂಖ್ಯೆಯ ಬದಲು ಫೈಲ್ ಡಿಸ್ಕ್ರಿಪ್ಟರ್ (ಪಡೆದ ಪ್ರೋಗ್ರಾಮ್‌ನೊಳಗೆ ಮಾತ್ರ ಸಲ್ಲುವ ಗುರುತಿನ ಸಂಖ್ಯೆ) ಮೂಲಕ ಬಫರ್ ದಾಟಿಸುವುದು ಏಕೆ ಸುರಕ್ಷಿತ ಎಂಬ ನಿಮ್ಮ ಒಳ್ಳೆಯ ವಿವರಣೆ ಓದುಗನಿಗೆ ತಲುಪುವುದೇ ಇಲ್ಲ. ಕರ್ನಲ್ ಕೊಡುವುದಕ್ಕೆ ‘ಮಂಜೂರು’ ಎನ್ನಿ. ಜಮೀನು ಮಂಜೂರು, ಸಾಲ ಮಂಜೂರು ಎಂಬ ಬಳಕೆಯಲ್ಲಿ ಅರ್ಜಿ, ಪರಿಶೀಲನೆ, ತಿರಸ್ಕಾರ ಮೂರೂ ಅಡಗಿವೆ. ಒಟ್ಟಿಗೆ ಬಳಸುವುದಕ್ಕೆ ‘ಹಂಚಿಕೊಳ್ಳುವುದು’ ಸಾಕು. ಇಂಟರ್‌ಫೇಸ್‌ಗೆ ನೀವು ಇಟ್ಟಿರುವ ‘ಅಂತರ್ಮುಖಿ’ ಎಂಬುದು ಕನ್ನಡದಲ್ಲಿ ಮಾತು ಕಡಿಮೆಯ ಮನುಷ್ಯನಿಗೆ ಸಲ್ಲುವ ಪದ. ಇಂಟರ್‌ಫೇಸ್ ಎಂದೇ ಬರೆಯಿರಿ. ಡಂಬ್ ಬಫರ್ ಅನ್ನು ‘ಮೂಕ ಬಫರ್’ ಎಂದಿರುವುದೂ ಸರಿಯಲ್ಲ, ಅಲ್ಲಿನ ಡಂಬ್‌ಗೆ ವೇಗವರ್ಧನೆಯ ಸೌಲಭ್ಯವಿಲ್ಲದ ಸಾದಾ ಬಫರ್ ಎಂಬ ಅರ್ಥ.

ಆರು ಪುಟಗಳಿಗೆ ಇಳಿಸಿ ಮತ್ತೆ ಕಳುಹಿಸಿ. 1366ರ ಪರದೆಯಿರುವ ಹಳೆಯ ಲ್ಯಾಪ್‌ಟಾಪ್ ಒಂದು ನಮ್ಮ ಕಚೇರಿಯಲ್ಲಿದೆ. ಯಾವುದಾದರೂ ಭಾನುವಾರ ಕೋಲಾರಕ್ಕೆ ಬಂದರೆ ಪಿಚ್ ಅನ್ನು ಬೇಕೆಂದೇ ತಪ್ಪಾಗಿ ಕೊಟ್ಟು ಚಿತ್ರ ವಾಲುವುದರ ಫೋಟೊ ತೆಗೆಯೋಣ. ಅದನ್ನು ಲೇಖನದ ಮೊದಲ ಪುಟದಲ್ಲಿ ಹಾಕುತ್ತೇನೆ.

ವಿಶ್ವಾಸಪೂರ್ವಕವಾಗಿ,
ಸಂಪಾದಕ