ಉಳಿತಾಯದ ಹಣ ಹಾಕಿ ಪಾಲುದಾರರಾಗಬೇಕೆ?

ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕಿನ ನೋಂದಾಯಿತ ಸಂಸ್ಥೆ. ಒಂಬತ್ತು ವರ್ಷಗಳಿಂದ ಹದಿನಾಲ್ಕು ಸ್ವಸಹಾಯ ಸಂಘಗಳ ಜೊತೆಗೂಡಿ ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ ಮಾಡಿ ಮಾರುತ್ತಿದ್ದೇವೆ. ಮೈಸೂರಿನ ದೊಡ್ಡ ಸಂಸ್ಥೆಯೊಂದಕ್ಕೆ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬಂದಿದ್ದು, ಹಳ್ಳಿಯ ಕೆಲಸಕ್ಕೆ ನಮ್ಮನ್ನು ಪಾಲುದಾರರಾಗಿ ಎಂದು ಕರೆದಿದ್ದಾರೆ. ಮೊದಲು ನಾವು ಖರ್ಚು ಮಾಡಬೇಕು. ಮೂರು ತಿಂಗಳಿಗೊಮ್ಮೆ ಬಿಲ್ ಕೊಟ್ಟ ಮೇಲೆ ಹಣ ಬರುತ್ತದೆ. ಅಲ್ಲಿಯವರೆಗೆ ಸಂಘಗಳ ಉಳಿತಾಯದಿಂದ ತೆಗೆದುಕೊಳ್ಳೋಣ ಎನ್ನುತ್ತಾರೆ ನಮ್ಮ ಕಾರ್ಯದರ್ಶಿ. ಮೈಸೂರಿನವರ ಬಳಿ ವಿದೇಶಿ ದೇಣಿಗೆಯೂ ಇದೆಯಂತೆ, ಅದರಲ್ಲೂ ಒಂದು ಪಾಲು ಕೊಡುತ್ತಾರಂತೆ. ಒಪ್ಪಿಕೊಳ್ಳಬಹುದೇ?
– ಓದುಗರೊಬ್ಬರು, ಮಳವಳ್ಳಿ

ಉತ್ತರ: ಉಳಿತಾಯಕ್ಕೆ ಕೈ ಹಾಕಬೇಡಿ. ಉಳಿದ ಮಾತೆಲ್ಲ ಆಮೇಲೆ. ಅದು ನಿಮ್ಮ ಸಂಸ್ಥೆಯ ಹಣವಲ್ಲ, ಕೂಲಿಯಲ್ಲಿ ಮಿಗಿಸಿ ವಾರವಾರ ಕಟ್ಟಿದ ಸದಸ್ಯೆಯರ ಹಣ. ಅದನ್ನು ಯೋಜನೆಗೆ ಸುರಿದರೆ, ಕೋಟಿಗಟ್ಟಲೆ ಲಾಭವಿರುವ ಕಂಪನಿಗೆ ನಿಮ್ಮೂರಿನ ಹೆಂಗಸರು ಬಡ್ಡಿಯಿಲ್ಲದೆ ಸಾಲ ಕೊಟ್ಟಂತಾಗುತ್ತದೆ. ನಾನು ಲೆಕ್ಕ ನೋಡುತ್ತಿದ್ದ ಒಕ್ಕೂಟವೊಂದರಲ್ಲಿ ಹೀಗೇ ನಡೆಯಿತು. ಕಂಪನಿಯಲ್ಲಿ ಅಧಿಕಾರಿ ಬದಲಾದರು, ಎರಡು ಕಂತು ನಿಂತವು. ಜೂನ್ ತಿಂಗಳಲ್ಲಿ ಮಕ್ಕಳ ಶಾಲೆಯ ಖರ್ಚಿಗೆ ಸಾಲ ಕೇಳಿ ಬಂದವರಿಗೆ ಕೊಡಲು ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಕೊನೆಗೆ ಕಂತೇನೋ ಬಂತು, ಆದರೆ ಸಂಘ ಬಿಟ್ಟುಹೋದ ಸದಸ್ಯೆಯರು ಮರಳಿ ಬರಲಿಲ್ಲ.

ಮಂಡ್ಯ ಜಿಲ್ಲೆಯವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಸಾಗಿಸಿ ಬಿಲ್‌ಗಾಗಿ ಕಾದವರು ನೀವು. ಕಬ್ಬು ತಲುಪಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಾದರೂ ಬರೆದಿದೆ. ಅನುದಾನದ ಕಂತಿಗೆ ಅಂಥ ರಕ್ಷಣೆ ಇಲ್ಲ; ಒಪ್ಪಂದದಲ್ಲಿ ಬರೆಸಿಕೊಂಡಷ್ಟೇ ನಿಮ್ಮದು. ಹಾಗಾಗಿ ಮೊದಲ ಮೂರು ತಿಂಗಳ ಹಣ ಮುಂಗಡವಾಗಿ ಬರಬೇಕು ಎಂದು ಕೇಳಿ. ಅದರ ಲೆಕ್ಕ ಒಪ್ಪಿಸಿದ ಎಷ್ಟು ದಿನದೊಳಗೆ ಮುಂದಿನ ಕಂತು ಬರುತ್ತದೆ, ಬಾರದಿದ್ದರೆ ಕೆಲಸ ನಿಲ್ಲಿಸುವ ಹಕ್ಕು ನಿಮಗಿದೆಯೇ ಎಂಬುದೂ ಅದೇ ಕಾಗದದಲ್ಲಿರಲಿ. ಇದನ್ನು ಕೇಳಲು ಸಂಕೋಚ ಪಡಬೇಡಿ. ಹಳ್ಳಿಯಲ್ಲಿ ನೀವು ಒಂಬತ್ತು ವರ್ಷ ಗಳಿಸಿದ ನಂಬಿಕೆ ಇಲ್ಲದಿದ್ದರೆ ಅವರ ಯೋಜನೆ ಕಾಲಿಡುವುದೇ ಕಷ್ಟ.

ಆಡಳಿತ ವೆಚ್ಚಕ್ಕೆ ಶೇ 5ರಷ್ಟೇ ಮಿತಿ ಎಂದು ನಿಮಗೆ ಹೇಳಬಹುದು. ಆ ಮಿತಿ ಸಿಎಸ್‌ಆರ್ ಕೆಲಸಕ್ಕಾಗಿ ಕಂಪನಿ ತನ್ನೊಳಗೆ ಮಾಡುವ ಸಾಮಾನ್ಯ ಆಡಳಿತದ ಖರ್ಚಿಗೆ ಸಂಬಂಧಿಸಿದ್ದು. ಊರೂರು ತಿರುಗುವ ನಿಮ್ಮ ಕಾರ್ಯಕರ್ತೆಯ ಸಂಬಳ, ಬಸ್ ಖರ್ಚು, ಯೋಜನೆಯ ಲೆಕ್ಕ ಬರೆಯುವವರ ವೇತನ ಇವೆಲ್ಲ ಯೋಜನೆಯ ವೆಚ್ಚವೇ. ಅಂದಾಜುಪಟ್ಟಿಯಲ್ಲಿ ಹಾಗೆಯೇ ತೋರಿಸಿ.

ವಿದೇಶಿ ದೇಣಿಗೆಯ ಆಸೆ ಬಿಟ್ಟುಬಿಡಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ನಿಮಗೆ ಸ್ವಂತ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಇದೇ ನಿಯಮ. ಬೇಕಿದ್ದರೆ ಅವರೇ ನೇರವಾಗಿ ನಿಮ್ಮ ಹಳ್ಳಿಗಳಲ್ಲಿ ಖರ್ಚು ಮಾಡಲಿ.

ನಿಮ್ಮ ಪತ್ರ ಓದುವಾಗ ನನಗೆ ಬೇಸರವಾದದ್ದು ಇನ್ನೊಂದಕ್ಕೆ: ಒಂಬತ್ತು ವರ್ಷದ ಸಂಸ್ಥೆ ಇನ್ನೂ ಬೇರೆಯವರ ಬಾಗಿಲಿನಿಂದಲೇ ಕಂಪನಿಯನ್ನು ಕಾಣಬೇಕೆ? ನಿಮ್ಮ ಕ್ಷೇತ್ರದಲ್ಲಿ ಮೂರು ವರ್ಷದ ಅನುಭವ, ಆದಾಯ ತೆರಿಗೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ಮಾನ್ಯತೆ ಇದ್ದರೆ ಸಿಎಸ್‌ಆರ್-1 ನಮೂನೆ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆಯಬಹುದು. 2021ರ ಏಪ್ರಿಲ್ 1ರಿಂದ ಕಂಪನಿಯ ಸಿಎಸ್‌ಆರ್ ಕೆಲಸ ವಹಿಸಿಕೊಳ್ಳುವ ಸಂಸ್ಥೆಗೆ ಈ ನೋಂದಣಿ ಕಡ್ಡಾಯ. ನಿಮ್ಮ ಲೆಕ್ಕಪರಿಶೋಧಕರನ್ನು ಈ ತಿಂಗಳೇ ಕಾಣಿರಿ. ಈಗಿನ ಯೋಜನೆಯ ವರದಿಗಳಲ್ಲೂ ನಿಮ್ಮ ಸಂಸ್ಥೆಯ ಹೆಸರಿರಲಿ, ನಾಳೆ ಅನುಭವಕ್ಕೆ ಸಾಕ್ಷಿ ಅದೇ.

ಇಷ್ಟು ಹೇಳಿದೆನೆಂದು ಪಾಲುದಾರಿಕೆಯೇ ಬೇಡವೆಂದು ತಿಳಿಯಬೇಡಿ. 1987ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್, ಹಳ್ಳಿಗಳಲ್ಲಿ ಸಂಘ ಕಟ್ಟುತ್ತಿದ್ದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಗೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. ಸಂಘದವರು ಕೂಡಿಸಿದ ಉಳಿತಾಯಕ್ಕೆ ಅದನ್ನು ಸೇರಿಸಿ, ಸಾಲ ಯಾರಿಗೆ ಎಂಬ ತೀರ್ಮಾನವನ್ನು ಸಂಘಕ್ಕೇ ಬಿಡಲಾಯಿತು. 1992ರಲ್ಲಿ ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ಆರಂಭವಾಗಲು ಆ ಅನುಭವ ದೊಡ್ಡ ಆಧಾರವಾಯಿತು. ಅಲ್ಲಿ ಹೊರಗಿನ ಹಣ ಉಳಿತಾಯಕ್ಕೆ ಬಲ ಕೊಟ್ಟಿತು; ನಿಮ್ಮಲ್ಲಿ ಉಳಿತಾಯವೇ ಹೊರಗಿನ ಹಣಕ್ಕೆ ಆಸರೆಯಾಗಬೇಕು ಎನ್ನುತ್ತಿದ್ದಾರೆ.

ಸಹಿಗೆ ಮುಂಚೆ ಕಂಪನಿಗೂ ಮೈಸೂರಿನ ಸಂಸ್ಥೆಗೂ ಆಗಿರುವ ಮೂಲ ಒಪ್ಪಂದದ ಪ್ರತಿ ಕೇಳಿ. ಕಂಪನಿ ಅವರಿಗೆ ಮುಂಗಡ ಕೊಡುತ್ತಿದೆಯೇ, ನಿಮ್ಮ ಕೆಲಸಕ್ಕೆಂದು ತೋರಿಸಿದ ಮೊತ್ತ ಎಷ್ಟು ಎಂಬುದು ಅಲ್ಲಿ ತಿಳಿಯುತ್ತದೆ. ಅದನ್ನು ಹದಿನಾಲ್ಕು ಸಂಘಗಳ ಪ್ರತಿನಿಧಿಗಳ ಮುಂದೆ ಗಟ್ಟಿಯಾಗಿ ಓದಿಸಿ, ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಪಡೆಯಿರಿ. ಪ್ರತಿ ತೋರಿಸಲು ಅವರು ಒಪ್ಪದಿದ್ದರೆ ನೀವೂ ಸಹಿ ಹಾಕಬೇಡಿ.