ಕರು ಹಾಕಿದ ಹಸು ಸೊರಗುತ್ತಿದೆ, ಹಸಿವಿಗೆ ಹಾರ್ಮೋನ್ ಇಂಜೆಕ್ಷನ್ ಕೊಡಿಸಬಹುದಾ?

ಕರು ಹಾಕಿ ಮೂರು ವಾರ ಆಗಿದೆ, ಹಾಲು ಏರುತ್ತಿದೆ, ಆದರೆ ಮೇವು ಅಷ್ಟಾಗಿ ತಿನ್ನದೆ ಹಸು ಸೊರಗುತ್ತಿದೆ ಅಂತ ಬರೆದಿದ್ದೀರಿ. ನಾನು ಪಶು ಆಹಾರದ ಕೆಲಸದಲ್ಲೇ ಇರುವವನು. ಇಂಜೆಕ್ಷನ್ ಬೇಡ ಅಂತಲೇ ಹೇಳುತ್ತೇನೆ.

ಈ ಸೊರಗುವಿಕೆಯನ್ನು ಮಾಡಿಸುತ್ತಿರುವುದೇ ಹಾರ್ಮೋನುಗಳು. ಕರು ಹಾಕುವ ಹೊತ್ತಿಗೆ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ, ಬೆಳವಣಿಗೆಯ ಹಾರ್ಮೋನ್ ಏರುತ್ತದೆ. ಇನ್ಸುಲಿನ್ ಕಡಿಮೆಯಾದರೆ ಮಾಂಸಖಂಡ, ಕೊಬ್ಬು ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳಲಾರವು. ಕೆಚ್ಚಲಿಗೆ ಮಾತ್ರ ಇನ್ಸುಲಿನ್‌ನ ಹಂಗಿಲ್ಲ. ಇರುವ ಗ್ಲೂಕೋಸ್ ಬಹುಪಾಲು ಹಾಲಿಗೆ ಹೋಗುತ್ತದೆ, ಮೈಯ ಖರ್ಚಿಗೆ ಕೊಬ್ಬು ಕರಗುತ್ತದೆ. ತಾಯಿ ಬಡವಾದರೂ ಕರುವಿಗೆ ಹಾಲು ತಪ್ಪದ ಹಾಗೆ ಎಷ್ಟು ಚೆನ್ನಾದ ಏರ್ಪಾಡು, ಅಲ್ವಾ?

ಹಾಗಾದರೆ ಹಸಿವು ಯಾಕೆ ಏರಲಿಲ್ಲ? ಮೈಯಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆ ಅಂತ ಮಿದುಳಿಗೆ ತಿಳಿಸುವುದು ಲೆಪ್ಟಿನ್ ಅನ್ನುವ ಹಾರ್ಮೋನ್. ಈಗ ಅದೂ ಇಳಿದಿರುತ್ತದೆ, ಹಸಿವು ಏರುತ್ತದೆ, ಆದರೆ ನಿಧಾನವಾಗಿ. ಸಾಮಾನ್ಯವಾಗಿ ಹಾಲು 4ರಿಂದ 8 ವಾರಕ್ಕೆ ತುದಿ ಮುಟ್ಟಿದರೆ, ತಿನ್ನುವುದು ಅಲ್ಲಿಗೆ ತಲುಪಲು 10ರಿಂದ 14 ವಾರ ಬೇಕು. ಕರು ಹಾಕುವಾಗ ತೀರಾ ಕೊಬ್ಬಿದ್ದ ಹಸುವಿನಲ್ಲಿ ಇದು ಇನ್ನೂ ತಡ. ಕರಗಿದ ಕೊಬ್ಬು ಲಿವರ್‌ಗೆ ಒಮ್ಮೆಲೇ ನುಗ್ಗಿ ಹಸಿವನ್ನು ಮತ್ತಷ್ಟು ತಗ್ಗಿಸುತ್ತದೆ.

ಒಂದು ಹಾರ್ಮೋನ್ ಕೊಟ್ಟರೆ ಹಸಿವು ತೆರೆದುಕೊಳ್ಳುತ್ತದೆ ಅನ್ನುವ ನಂಬಿಕೆಗೆ ಹೊಟ್ಟೆಯಲ್ಲಿ ತಯಾರಾಗುವ ಘ್ರೆಲಿನ್ ಅನ್ನುವ ಹಸಿವಿನ ಹಾರ್ಮೋನೇ ಒಳ್ಳೆ ಉತ್ತರ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಇದನ್ನು ಇಲಿಯ ಹೊಟ್ಟೆಯಲ್ಲಿ ಕಂಡುಹಿಡಿದರು. ಇಲಿಗೂ ಮನುಷ್ಯನಿಗೂ ಇದು ಹಸಿವು ಹೆಚ್ಚಿಸುತ್ತದೆ. ಕೋಳಿಮರಿಗೆ ಕೊಟ್ಟರೆ ತಿನ್ನುವುದನ್ನೇ ಕಡಿಮೆ ಮಾಡುತ್ತದೆ! ಒಂದೇ ಹಾರ್ಮೋನ್ ಎಲ್ಲ ಪ್ರಾಣಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ.

ಸುಮ್ನೆ ಕಾಯಿರಿ ಅಂತಲೂ ನಾನು ಹೇಳುತ್ತಿಲ್ಲ. ಹಸು ಮೇವಿಗೆ ಬಾಯಿಯೇ ಹಾಕದಿದ್ದರೆ, ಹಾಲು ದಿಢೀರನೆ ಇಳಿದರೆ, ಉಸಿರಿಗೆ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಬಂದರೆ ಕೀಟೋಸಿಸ್, ಅಂದರೆ ಕೊಬ್ಬು ಅತಿಯಾಗಿ ಕರಗಿ ಬರುವ ಕಾಯಿಲೆ, ಇರಬಹುದು. ಅವತ್ತೇ ಪಶುವೈದ್ಯರಿಗೆ ತೋರಿಸಿ. ಇವೇನೂ ಇಲ್ಲದಿದ್ದರೆ ಒಳ್ಳೆ ಮೇವನ್ನು ದಿನಕ್ಕೆ ಹಲವು ಸಲ ಹೊಸದಾಗಿ ಹಾಕಿ, ನೀರು ಸದಾ ಇರಲಿ. ಹಿಂಡಿಯನ್ನು ಒಮ್ಮೆಲೇ ಸುರಿಯಬೇಡಿ, ಹೊಟ್ಟೆ ಹುಳಿಯಾಗಿ ಇರುವ ಹಸಿವೂ ಹೋಗುತ್ತದೆ. ಮುಂದಿನ ಸಲ ಹಾಲು ಬತ್ತಿಸುವಾಗಲೇ ಪಕ್ಕೆಲುಬಿನ ಮೇಲೆ ಕೈಯಾಡಿಸಿ ನೋಡಿ. ಸ್ವಲ್ಪ ಒತ್ತಿದರೆ ಎಲುಬು ಸಿಗುವಷ್ಟು ಮೈ ಇದ್ದರೆ ಸಾಕು.